ಶಾಲು ಸರಿಸು ಅಂದಿದ್ದೆ

ನಾನು ಜಿಲ್ಲಾ ವರದಿಗಾರ. ‘ಚಿಕಿತ್ಸೆಗೆ ನೆರವಾಗಿ’ ಅನ್ನುವ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ಬರೆದಿದ್ದೇನೆ. ಮಗುವಿನ ಹೆಸರು, ಊರು, ಕಾಯಿಲೆ, ಅಪ್ಪನ ಬ್ಯಾಂಕ್ ಖಾತೆ ನಂಬರು, ಜೊತೆಗೊಂದು ಫೋಟೊ. ಓದುಗರು ಕೈಲಾದಷ್ಟು ಹಾಕುತ್ತಿದ್ದರು. ಒಳ್ಳೆ ಕೆಲಸ ಅಂತಲೇ ನಂಬಿದ್ದೆ.

ಒಮ್ಮೆ ರಕ್ತದ ಕ್ಯಾನ್ಸರ್ ಆಗಿದ್ದ ಹುಡುಗಿಯನ್ನು ನೋಡಲು ಹೋದೆ. ಒಂಬತ್ತು ವರ್ಷ ಇರಬೇಕು. ಕೀಮೋದಿಂದ ಕೂದಲೆಲ್ಲ ಉದುರಿತ್ತು. ಕ್ಯಾಮೆರಾ ಕಂಡಿದ್ದೇ ಅಮ್ಮನ ಶಾಲನ್ನು ತಲೆ ಮೇಲೆ ಎಳೆದುಕೊಂಡಳು. ಡ್ರಿಪ್ ಸೂಜಿಗೆ ಪ್ಲಾಸ್ಟರ್ ಅಂಟಿಸಿದ್ದ ಕೈಯಲ್ಲೇ ಬಿಗಿಯಾಗಿ ಹಿಡಿದಿದ್ದಳು. ‘ಸ್ವಲ್ಪ ಸರಿಸು ಪುಟ್ಟಾ, ಮುಖ ಕಾಣ್ಲಿ’ ಅಂದೆ. ಅವಳು ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯಾಡಿಸಿದರು. ಶಾಲು ಸರಿಯಿತು.

ಹಣ ಬಂತು, ಹುಡುಗಿ ಉಳಿದಳು. ಏಳು ವರ್ಷದ ಮೇಲೆ ಅದೇ ಅಪ್ಪ ಆಫೀಸಿಗೆ ಬಂದರು. ಮಗಳು ಪಿಯುಸಿ. ಯಾರೋ ಅವಳ ಹೆಸರು ಹಾಕಿ ಹುಡುಕಿದಾಗ ಆ ಫೋಟೊ ಸಿಕ್ಕಿ, ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲೆಲ್ಲ ಓಡಾಡಿದೆ. ‘ನಿಮ್ಮ ಋಣ ದೊಡ್ಡದು ಸಾರ್. ಆದ್ರೆ ಅವಳು ಕಾಲೇಜಿಗೆ ಹೋಗ್ತಾ ಇಲ್ಲ. ಅದನ್ನ ತೆಗೆಸೋಕಾಗುತ್ತಾ?’ ನಮ್ಮ ವೆಬ್‌ಸೈಟಿನಿಂದ ತೆಗೆಸಿದೆ. ಹಂಚಿಹೋಗಿದ್ದನ್ನು ವಾಪಸ್ ತರೋಕೆ ಆಗಲಿಲ್ಲ.

ಅಪ್ಪ ಒಪ್ಪಿದ್ದರಲ್ವಾ ಅಂತ ಜೊತೆಯವರು ಕೇಳಿದರು. ನಾಳೆ ಆಸ್ಪತ್ರೆಗೆ ದುಡ್ಡು ಕಟ್ಟಬೇಕಾದ ಅಪ್ಪ ಏನಕ್ಕೆ ಬೇಕಾದರೂ ಒಪ್ಪುತ್ತಾರೆ. ಹುಡುಗಿಯನ್ನು ನಾನು ಕೇಳಿರಲೇ ಇಲ್ಲ.

ಅಪರಾಧಕ್ಕೆ ಬಲಿಯಾದ ಮಗುವಿನ ಹೆಸರು, ವಿಳಾಸ, ಶಾಲೆ ಬಯಲು ಮಾಡಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಎಚ್‌ಐವಿ ಇರುವವರ ವಿಷಯ ಹೊರಬೀಳದಂತೆ 2017ರ ಕಾಯ್ದೆ ಇದೆ. ಅಪ್ಪ-ಅಮ್ಮನ ಮಡಿಲಲ್ಲೇ ಇದ್ದು ಕ್ಯಾನ್ಸರ್ ಬಂದ ಮಗುವಿಗೆ ಇವೆರಡೂ ಆಸರೆಯಾಗಲ್ಲ. ಅಲ್ಲಿ ವರದಿಗಾರನೇ ತಡೆಯಬೇಕು.

ಈಗ ಹೆಸರು ಹಾಕಲ್ಲ, ಊರಿನ ಬದಲು ತಾಲ್ಲೂಕು ಸಾಕು. ವೈದ್ಯರ ಪತ್ರ ನಾವೇ ನೋಡುತ್ತೇವೆ. ಹಣವನ್ನು ನೇರ ಆಸ್ಪತ್ರೆಗೇ ಕಟ್ಟಲು ಹೇಳುತ್ತೇವೆ. ಎಸ್‌ಎಂಎ, ಅಂದರೆ ಸ್ನಾಯುಗಳ ಬಲ ಕುಂದುತ್ತಾ ಹೋಗುವ ಆನುವಂಶಿಕ ಕಾಯಿಲೆ, ಇರುವ ಮಕ್ಕಳ ವಿಷಯ ಬಂದಾಗ ಮಾತ್ರ ಜಾಸ್ತಿ ಕಷ್ಟ. ಕೋಟಿಗಟ್ಟಲೆ ರೂಪಾಯಿಯ ಒಂದು ಇಂಜೆಕ್ಷನ್ನಿಗೆ ಮುಖ ತೋರಿಸದೆ ಹಣ ಕೂಡಲ್ಲ ಅಂತ ಮನೆಯವರು ಅಳುತ್ತಾರೆ. ಅಂಥ ಕಡೆ ಫೋಟೊ ಹಾಕಿದ್ದೇನೆ. ಯಾವಾಗ ತೆಗೆಯಬೇಕು ಅಂತ ಡೈರಿಯಲ್ಲಿ ಬರೆದಿಟ್ಟು, ಮರೆಯದೆ ತೆಗೆಸಿದ್ದೇನೆ.

ಮಾತಾಡೋ ವಯಸ್ಸಿನ ಮಗುವಾದರೆ ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಮೊದಲು ಅದನ್ನೇ ಕೇಳುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಕೈ ಮಾತ್ರ ತೆಗೀರಿ ಅಂಕಲ್’ ಅಂದ. ಕೈ ಮಾತ್ರ ತೆಗೆದು ಅವನಿಗೆ ತೋರಿಸಿದೆ.