ಕರೆದು ನೋಡಿ ಅಕ್ಕ

ಭಾನುವಾರದಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ಕರೆದು ನೋಡಿ ಅಕ್ಕ." ಹೇಳಿದವರು ನಮ್ಮ ಭಾವನ ಕುದುರೆ ಲಾಯ ನೋಡಿಕೊಳ್ಳುವ ಅಣ್ಣ. ಹೇಳುವಾಗ ನನ್ನ ಮುಖ ಕೂಡ ನೋಡಲಿಲ್ಲ. ಬಗ್ಗಿ ಕುದುರೆಯ ಕಾಲನ್ನು ಮೊಣಕಾಲ ಮೇಲಿಟ್ಟುಕೊಂಡು ಗೊರಸಿನ ಮಣ್ಣು ಕೆರೆಯುತ್ತಿದ್ದರು.

ಕಳೆದ ತಿಂಗಳು ಭಾವ ಒಂದು ಹೆಣ್ಣು ಕುದುರೆ ತಂದರು. ನಾಲ್ಕು ವರ್ಷದ್ದು. ಕಂದು ಬಣ್ಣ, ಹಣೆಯ ಮೇಲೆ ಸುಣ್ಣದ ಬೆರಳು ಒತ್ತಿದ ಹಾಗೆ ಒಂದು ಚುಕ್ಕೆ. ರೇಸಿಗಲ್ಲ, ಸವಾರಿ ಕಲಿಯುವ ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಸುತ್ತು ಹಾಕಲಿಕ್ಕೆ. ಮಾರಿದವರು ಹೆಸರೇ ಇಟ್ಟಿರಲಿಲ್ಲವಂತೆ. ಭಾವನಿಗೆ ಅಷ್ಟೇ ಸಾಕಾಯಿತು. ಒಳ್ಳೆಯ ಮನುಷ್ಯ, ಆದರೆ ದೊಡ್ಡ ಹೆಸರುಗಳ ಹುಚ್ಚು. ಮನೆಯ ನಾಯಿಗೆ ಸುಲ್ತಾನ್ ಅಂತ ಇಟ್ಟಿದ್ದಾರೆ. ಗುಡುಗಿದರೆ ಸುಲ್ತಾನರು ಮಂಚದ ಕೆಳಗೆ.

"ಹೆಸರುವಾಸಿ ರೇಸ್ ಕುದುರೆಗಳ ಹೆಸರು ಒಂದು ಹತ್ತು ಬರ್ಕೊಂಡು ಬಾ. ಅದ್ರಲ್ಲಿ ಒಂದು ಆರಿಸೋಣ" ಎಂದರು. ಶನಿವಾರ ರಾತ್ರಿ ಸುಮ್ನೆ ಅರ್ಧ ಗಂಟೆ ನೋಡೋಣ ಅಂತ ಕೂತೆ. ಎದ್ದಾಗ ಎರಡು ಗಂಟೆ.

ಹೆಸರುಗಳಿಗಿಂತ ಅವು ಬಂದ ದಾರಿಯೇ ಮಜವಾಗಿತ್ತು. ಎಕ್ಲಿಪ್ಸ್ ಹುಟ್ಟಿದ್ದು 1764ರ ಸೂರ್ಯಗ್ರಹಣದ ಹೊತ್ತಿಗೆ, ಹೆಸರೂ ಅದೇ. ಒಂದು ಓಟವನ್ನೂ ಸೋಲದ ಕುದುರೆ ಅದು. ರೆಡ್ ರಮ್‌ನ ತಾಯಿ ಮೇರೆಡ್, ತಂದೆ ಕ್ವೋರಮ್. ಇಬ್ಬರ ಹೆಸರಿನ ಬಾಲಗಳನ್ನು ಕತ್ತರಿಸಿ ಅಂಟಿಸಿದ್ದಾರೆ. ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಮರ್ಡರ್ ಅಂತಾಗುತ್ತದೆ. ಇದನ್ನು ಕಂಡುಹಿಡಿದದ್ದು ಅಕ್ಕನ ಮಗಳು, ಇನ್ನೂ ಅದೇ ಖುಷಿಯಲ್ಲಿದ್ದಾಳೆ. ಆ ಕುದುರೆ 1973, 1974 ಮತ್ತು 1977ರಲ್ಲಿ, ಮೂರು ಸಲ ಗ್ರ್ಯಾಂಡ್ ನ್ಯಾಷನಲ್ ಎಂಬ ಇಂಗ್ಲೆಂಡಿನ ದೊಡ್ಡ ಓಟ ಗೆದ್ದಿದೆ. ಫಾರ್ ಲ್ಯಾಪ್ ಅಂದರೆ ಥಾಯ್ ಭಾಷೆಯಲ್ಲಿ ಮಿಂಚು. ಮಿಂಚು ಅಂತ ಹೆಸರಿಟ್ಟುಕೊಂಡು ಮೊದಲ ಓಟದಲ್ಲಿ ಕೊನೆಗೆ ಬಂತು. ಆಮೇಲೆ 1930ರಲ್ಲಿ ಮೆಲ್ಬರ್ನ್ ಕಪ್ ಹೊಡೆಯಿತು. ಸೀಬಿಸ್ಕಿಟ್ ಅಂದರೆ ನಾವಿಕರು ತಿನ್ನುತ್ತಿದ್ದ ಕಲ್ಲಿನಂಥ ಬಿಸ್ಕತ್ತು. ಅದರ ಅಪ್ಪನ ಹೆಸರು ಹಾರ್ಡ್ ಟ್ಯಾಕ್, ಅದೂ ಅದೇ ಬಿಸ್ಕತ್ತೇ. ಅಪ್ಪ ಮಗ ಇಬ್ಬರೂ ಒಂದೇ ಡಬ್ಬಿಯವರು.

ಭಾವನ ಕಣ್ಣು ಮೊದಲಿಂದಲೂ ಸೆಕ್ರೆಟೇರಿಯಟ್ ಮೇಲೆ. ತಪ್ಪೇನಿಲ್ಲ. 1973ರ ಬೆಲ್ಮಾಂಟ್ ಓಟದಲ್ಲಿ ಹಿಂದಿನ ಕುದುರೆಯನ್ನು 31 ಕುದುರೆಯುದ್ದ ಹಿಂದೆ ಬಿಟ್ಟು ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದ ಕುದುರೆ. ಆದರೆ ಆ ಹೆಸರು ಯಜಮಾನರ ತಲೆಯಿಂದ ಬಂದದ್ದಲ್ಲ. ನೋಂದಣಿಗೆ ಕಳಿಸಿದ ಹೆಸರುಗಳೆಲ್ಲ ಒಂದಾದ ಮೇಲೊಂದು ವಾಪಸ್ ಬರುತ್ತಿದ್ದಾಗ, ಆ ಲಾಯದ ಕಚೇರಿ ಕೆಲಸ ನೋಡುತ್ತಿದ್ದ ಎಲಿಜಬೆತ್ ಹ್ಯಾಮ್ ಎಂಬ ಸೆಕ್ರೆಟರಿ ಕೊಟ್ಟ ಹೆಸರು. ಈಕೆ ಎದ್ದು ಹೋಗಿ ಕಾಫಿ ಕುಡಿಯುತ್ತಾ ಕೂತಿದ್ದರೆ ಆ ಕುದುರೆ ಏನಾಗಿ ಓಡುತ್ತಿತ್ತೋ.

ನನಗೆ ತುಂಬಾ ಇಷ್ಟವಾದದ್ದು ಎಕ್ಲಿಪ್ಸ್‌ನ ಮಗನ ಕಥೆ. 1773ರಲ್ಲಿ ಹುಟ್ಟಿದ ಮರಿಗೆ ಯಜಮಾನರು 'ಪೊಟಾಟೋಸ್' ಅಂತ ಹೆಸರು ಹೇಳಿದರಂತೆ. ಲಾಯದ ಹುಡುಗನಿಗೆ ಕೇಳಿಸಿದ್ದು 'ಪಾಟ್-ಎಯ್ಟ್-ಓಸ್', ಅಂದರೆ 'ಪಾಟ್', ಆಮೇಲೆ ಎಂಟು 'ಓ'. ಅವನು ಹಾಗೇ ಬರೆದ: ಪಾಟ್ ಬರೆದು ಮುಂದೆ ಎಂಟು ಸೊನ್ನೆ ಸುತ್ತಿದ. ಯಜಮಾನರಿಗೆ ನಗು ಬಂದು ಅದನ್ನೇ ಉಳಿಸಿಕೊಂಡರು. ಇವತ್ತು ಜಗತ್ತಿನ ಥರೋಬ್ರೆಡ್ ಎಂಬ ತಳಿಯ ರೇಸ್ ಕುದುರೆಗಳಲ್ಲಿ ಅಪ್ಪನ ಅಪ್ಪನ ಅಪ್ಪ ಅಂತ ಹಿಂದೆ ಹೋದರೆ ಬಹುಪಾಲು ಈ ಆಲೂಗಡ್ಡೆಗೇ ಹೋಗಿ ಸೇರುತ್ತವೆ.

ಹತ್ತು ಹೆಸರು ಬರೆದುಕೊಂಡು ಭಾನುವಾರ ಬೆಳಿಗ್ಗೆ ಲಾಯಕ್ಕೆ ಹೋದೆ. ಭಾವ ಇನ್ನೂ ಬಂದಿರಲಿಲ್ಲ. ಬಾಯಿ ಸುಮ್ಮನಿರದೆ ಪಟ್ಟಿಯನ್ನು ಅಣ್ಣನಿಗೆ ಓದಿ ಹೇಳಿದೆ, ಇಸವಿ ಸಮೇತ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

"ಕರೆದು ನೋಡಿ ಅಕ್ಕ."

"ಏನಣ್ಣ?"

"ಅವಳನ್ನ ಕರೆದು ನೋಡಿ. ಕಿವಿ ಯಾವುದಕ್ಕೆ ತಿರುಗತ್ತೋ ನೋಡೋಣ."

ಸರಿ, ಕರೆದೆ. "ಸೆಕ್ರೆಟೇರಿಯಟ್!" ಕುದುರೆ ಹುಲ್ಲು ಅಗಿಯುತ್ತಲೇ ಇತ್ತು. ಇನ್ನೊಂದು ಸಲ ಜೋರಾಗಿ. ಅಷ್ಟು ಉದ್ದದ ಹೆಸರು ಮುಗಿಯುವಷ್ಟರಲ್ಲಿ ನನಗೇ ಉಸಿರು ಕಟ್ಟಿತು, ಅಲ್ವಾ, ಅದು ಮೈಕಿನಲ್ಲಿ ಕೂಗುವವರಿಗೆ ಮಾಡಿಸಿದ ಹೆಸರು. "ಎಕ್ಲಿಪ್ಸ್." ಏನಿಲ್ಲ. "ರೆಡ್ ರಮ್." ಲದ್ದಿ ಹಾಕಿತು. "ಮಿಂಚು" ಅಂದಾಗ ಬಾಲ ಒಮ್ಮೆ ಬೀಸಿತು, ನಾನು ಕುಣಿದಾಡಿದೆ. "ನೊಣ ಅಕ್ಕ" ಎಂದರು ಅಣ್ಣ.

ಹತ್ತೂ ಮುಗಿದವು. ಅಣ್ಣ ಕಾಲು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ಎದ್ದು, ಬೇರೆಲ್ಲೋ ನೋಡುತ್ತಾ ಮೆಲ್ಲಗೆ "ಏ ಕಳ್ಳೀ" ಎಂದರು.

ಕಿವಿ ತಿರುಗಿತು. ಮೊದಲು ಎಡಗಿವಿ ಒಂದೇ, ಬಟ್ಟಲನ್ನು ಪಕ್ಕಕ್ಕೆ ಹೊರಳಿಸಿದ ಹಾಗೆ. ಆಮೇಲೆ ಎರಡೂ. ಆಮೇಲೆ ಇಡೀ ತಲೆ. ಬಾಯಲ್ಲಿ ಹುಲ್ಲು ಹಾಗೇ ನಿಂತಿತ್ತು. ನೇರವಾಗಿ ಬಂದು ಅವರ ಅಂಗಿಯ ಜೇಬಿಗೆ ಮೂತಿ ತುರುಕಿತು. ಅಲ್ಲಿ ಕ್ಯಾರೆಟ್ ಇತ್ತು. ಬಂದ ಎರಡನೇ ದಿನವೇ ಜೇಬಿಂದ ಕದ್ದಳಂತೆ, ಅವತ್ತಿನಿಂದ ಅದೇ ಹೆಸರು.

ಆ ಕಿವಿ ತಿರುಗಿದ್ದನ್ನು ಈ ವಾರ ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನಾವೆಲ್ಲ ಹೆಸರು ಇಡುವುದರಲ್ಲೇ ಮುಳುಗಿದ್ದೆವು. ಅಷ್ಟರಲ್ಲಿ ಅವಳಿಗೆ ಹೆಸರು ಬಂದು ಮೂರು ವಾರವಾಗಿತ್ತು.

ಕಿಂಚೆಮ್ ಅಂತ ಹಂಗೇರಿಯ ಒಂದು ಕುದುರೆ ಇತ್ತು. ಹೆಣ್ಣು, 1874ರಲ್ಲಿ ಹುಟ್ಟಿದ್ದು. 54 ಓಟ ಓಡಿ 54 ಗೆದ್ದಿತು. ಹೆಸರಿನ ಅರ್ಥ 'ನನ್ನ ನಿಧಿ'. ಅಂದರೆ ನಮ್ಮ ಅಮ್ಮಂದಿರು 'ನನ್ ಚಿನ್ನ' ಅಂತಾರಲ್ಲ, ಸುಮಾರು ಹಾಗೇ. ಮುದ್ದಿನಿಂದ ಕರೆದ ಮಾತೇ ದಾಖಲೆಗೂ ಹೋಗಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಫ್ರ್ಯಾಂಕಿ ಎಂಬಾತ ಮುಂದೆ ಕಿಂಚೆಮ್ ಎನ್ನುವುದನ್ನೇ ತನ್ನ ಅಡ್ಡಹೆಸರು ಮಾಡಿಕೊಂಡ ಅಂತಾರೆ. ಶನಿವಾರ ರಾತ್ರಿ ಇದನ್ನು ಓದಿ ಮುಂದೆ ಹೋಗಿದ್ದೆ. ಭಾನುವಾರ ಮಧ್ಯಾಹ್ನ ಮತ್ತೆ ತೆಗೆದು ಓದಿದೆ.

ನನಗೂ ಎರಡು ಹೆಸರಿತ್ತು. ಒಂದು ಶಾಲೆಯ ರಿಜಿಸ್ಟರಿನಲ್ಲಿದ್ದದ್ದು, ಈಗ ಬ್ಯಾಂಕಿನವರೂ ಕೊರಿಯರ್ ಹುಡುಗರೂ ಕರೆಯುವುದು. ಇನ್ನೊಂದು ಅಜ್ಜಿ ಇಟ್ಟದ್ದು, ಗಿಣಿ. ಜಾಸ್ತಿ ಮಾತಾಡುತ್ತಿದ್ದೆನಂತೆ. ಅದನ್ನು ಯಾವ ಅರ್ಜಿಯಲ್ಲೂ ತುಂಬಿಸಿಲ್ಲ. ಅಜ್ಜಿ ಹೋದ ಮೇಲೆ ಅಪ್ಪ ಒಬ್ಬರೇ ಹಾಗೆ ಕರೆಯುತ್ತಿದ್ದರು. ಈಗ ಯಾರೂ ಇಲ್ಲ. ಯಾರಾದರೂ ಹಿಂದಿನಿಂದ ಗಿಣೀ ಎಂದರೆ ನನ್ನ ಕಿವಿಯೂ ಹಾಗೇ ತಿರುಗೀತು, ಎಡಗಿವಿ ಮೊದಲು.

ಇದನ್ನೆಲ್ಲ ಭಾವನಿಗೆ ಹೇಳಲಿಲ್ಲ. ಪಟ್ಟಿಯಲ್ಲಿ ಹಾರು ಉರಾರಾ ಅಂತ ಒಂದಿದೆ ನೋಡಿ ಎಂದೆ ಅಷ್ಟೇ. ಹಿತವಾದ ವಸಂತ ಅಂತ ಅರ್ಥ ಬರುವ ಜಪಾನಿನ ಹೆಣ್ಣು ಕುದುರೆ. ಅರ್ಥ ಕೇಳಿ ಮುಖ ಅರಳಿತು. 113 ಓಟ ಓಡಿ ಒಂದೂ ಗೆಲ್ಲಲಿಲ್ಲ ಅಂದೆ. "ನಿನಗೆ ತಲೆ ಕೆಟ್ಟಿದೆ" ಎಂದರು. ಅಷ್ಟು ಸೋತರೂ ಜನ ಅದನ್ನು ನೋಡಲು ಮುಗಿಬೀಳುತ್ತಿದ್ದರು, ಅದರ ಹೆಸರಿನ ಟಿಕೆಟನ್ನು ಅಪಘಾತ ತಗುಲದಿರಲಿ ಅಂತ ತಾಯಿತದ ಹಾಗೆ ಇಟ್ಟುಕೊಳ್ಳುತ್ತಿದ್ದರು ಅಂತ ಹೇಳುವಷ್ಟರಲ್ಲಿ ಫೋನ್ ತೆಗೆದುಕೊಂಡು ಆಚೆ ಹೋಗಿಬಿಟ್ಟಿದ್ದರು.

ಬೋರ್ಡು ನಿನ್ನೆ ಬಂತು. ಹಿತ್ತಾಳೆಯದು, ಉದ್ದ ಎರಡು ಗೇಣು. 'ಲೇಡಿ ಸೆಕ್ರೆಟೇರಿಯಟ್'. ಭಾವನೇ ನಿಂತು ಬಾಗಿಲಿಗೆ ದಾರದಲ್ಲಿ ಕಟ್ಟಿಸಿದರು, ಮೊಳೆ ಆಮೇಲೆ ಹೊಡೆದರಾಯಿತು ಅಂತ. ಫೋಟೋ ತೆಗೆಸಿಕೊಂಡರು. ಚೆನ್ನಾಗೇ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ನಾನು ಹೊರಡುವಾಗ ಬೋರ್ಡು ಒಂದು ಕಡೆ ವಾಲಿತ್ತು. ಬಾಗಿಲ ಮೇಲಿಂದ ಕತ್ತು ಹಾಕಿ, ಲೇಡಿ ದಾರವನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಅಣ್ಣ ದೂರದಲ್ಲಿ ಬಕೆಟ್ ತೊಳೆಯುತ್ತಿದ್ದರು. ತಲೆ ಎತ್ತದೆ, "ಏ ಕಳ್ಳೀ, ಬಿಡೇ ಅದನ್ನ" ಎಂದರು.

ಬಿಟ್ಟಳು.