ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೀನ್‌ಗೆ, ಹೂವಿನ ದಾರದಲ್ಲಿ

ನಮ್ಮ ಮೂರನೇ ಮಹಡಿಯ ಹುಡುಗ ಇಲ್ಲೇ ಗೋವಾದ ವಾಸ್ಕೋದ ಸಡಾ ಗುಡ್ಡದ ಮೇಲಿನ ಧ್ರುವ ಸಂಶೋಧನಾ ಕೇಂದ್ರದಲ್ಲಿದ್ದಾನೆ. ಈ ಸಲ 'ಹಿಮಾದ್ರಿ'ಗೆ ಹೋಗುವ ಸರದಿ ಅವನದು. 2008ರಲ್ಲಿ ಭಾರತ ಉತ್ತರ ಧ್ರುವದ ಹತ್ತಿರ ತೆರೆದ ಕೇಂದ್ರ ಅದು. ಗದಗಿನಿಂದ ಬಂದಿದ್ದ ಅವನ ಅವ್ವ ಸೀದಾ ನನ್ನ ಟಿಕೆಟ್ ಆಫೀಸಿಗೇ ಬಂದು ಕೂತರು. "ಎಷ್ಟ್ ದೂರ ಐತಿ, ತೋರಸು ತಂಗಿ."

ಗೋಡೆಯ ಮೇಲೆ ಹಳೆಯ ಪ್ರಪಂಚ ನಕ್ಷೆಯಿದೆ. ದೇವರ ಫೋಟೋಗೆ ಹೂ ಕಟ್ಟಿ ಉಳಿದಿದ್ದ ದಾರ ತಗೊಂಡು ಅವನ ದಾರಿಯಲ್ಲಿರುವ ನಾರ್ವೆಯ ಟ್ರೊಮ್ಸೊದಿಂದ ಸ್ವಾಲ್‌ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೀನ್‌ವರೆಗೆ ಹಿಡಿದೆ. ಅದೇ ದಾರವನ್ನು ಗೋವಾದಿಂದ ದಿಲ್ಲಿಗೆ ಹಿಡಿದು ನೋಡಿದರೆ, ಟ್ರೊಮ್ಸೊದ ಅಳತೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಉದ್ದ! ಅವರ ಮುಖ ಸಣ್ಣದಾಯಿತು.

ನಕ್ಷೆಯ ಮೋಸ ಇದು. ಭೂಮಿಯ ಉಂಡೆಯನ್ನು ಚಪ್ಪಟೆ ಮಾಡುವಾಗ ಧ್ರುವದ ಕಡೆಯ ಜಾಗ ಎಳೆದು ಹಿಗ್ಗಿಸುತ್ತಾರೆ. 1569ರಲ್ಲಿ ಮರ್ಕೇಟರ್ ಎಂಬ ನಕ್ಷೆಕಾರ ಹಡಗಿನವರಿಗಾಗಿ ಮಾಡಿದ ರೀತಿ. ನಿಜವಾಗಿ ಗೋವಾ–ದಿಲ್ಲಿ ಸುಮಾರು 1,500 ಕಿಲೋಮೀಟರ್. ಟ್ರೊಮ್ಸೊ–ಲಾಂಗ್‌ಇಯರ್‌ಬೀನ್ ಬರೀ 960. ಮುಂಬೈ–ಚೆನ್ನೈಗಿಂತಲೂ ಸ್ವಲ್ಪ ಕಡಿಮೆ. ವಿಮಾನದಲ್ಲಿ ಒಂದು ತಾಸು ನಲವತ್ತು ನಿಮಿಷ ಸಾಕು. ಎರಡೂ ಕಡೆ ಗಡಿಯಾರ ಒಂದೇ, ಮುಳ್ಳು ತಿರುಗಿಸುವ ಕೆಲಸವೂ ಇಲ್ಲ.

ಆದರೆ ಆ ಒಂದು ತಾಸು ನಲವತ್ತು ನಿಮಿಷ ನಂಬಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಒಬ್ಬರಿಗೆ ಟಿಕೆಟ್ ಮಾಡುವಾಗ ಎರಡೂ ನಾರ್ವೆಯೇ ಅಲ್ವಾ ಅಂತ ಟ್ರೊಮ್ಸೊದಲ್ಲಿ ವಿಮಾನ ಬದಲಿಸಲು 50 ನಿಮಿಷ ಇಟ್ಟೆ. ಸ್ವಾಲ್‌ಬಾರ್ಡ್ ನಾರ್ವೆಯದೇ, ಆದರೆ ಯುರೋಪಿನ ಹಲವು ದೇಶಗಳಲ್ಲಿ ಒಂದೇ ವೀಸಾ ನಡೆಯುವ ಷೆಂಗೆನ್ ಗಡಿಯ ಹೊರಗೆ. ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತ ಅವರ ಕಣ್ಣೆದುರೇ ವಿಮಾನ ಹೋಯಿತು. ವಾಪಸ್ ಬರುವಾಗ ಮತ್ತೆ ಒಳಗೆ ಬಂದ ಲೆಕ್ಕ, ಹಾಗಾಗಿ ನಮ್ಮವರಿಗೆ ಎರಡು ಸಲ ಪ್ರವೇಶವಿರುವ ವೀಸಾ ಬೇಕು. ಪುಣ್ಯಕ್ಕೆ ಅದೊಂದು ಅವರ ಬಳಿ ಇತ್ತು. ಬೈಗುಳ ಮಾತ್ರ ನನಗೆ ಪೂರ್ತಿ ಸಿಕ್ಕಿತು.

ಹುಡುಗನ ದಾರಿ ಲಾಂಗ್‌ಇಯರ್‌ಬೀನ್‌ಗೇ ಮುಗಿಯುವುದಿಲ್ಲ. ಪ್ರಯಾಣಿಕರ ವಿಮಾನಗಳು ದಿನನಿತ್ಯದ ವೇಳಾಪಟ್ಟಿಯಂತೆ ಓಡುವ ಊರುಗಳಲ್ಲಿ ಜಗತ್ತಿನಲ್ಲೇ ತೀರಾ ಉತ್ತರದ್ದು ಅದು. ರನ್‌ವೇ ಇರುವುದು ಹೆಪ್ಪುಗಟ್ಟಿದ ನೆಲದ ಮೇಲೆ. 'ಹಿಮಾದ್ರಿ' ಇರುವ ನೀ-ಓಲೆಸುಂಡ್ ಅಲ್ಲಿಂದ ಇನ್ನೂ ಸುಮಾರು 110 ಕಿಲೋಮೀಟರ್. ರಸ್ತೆ ಇಲ್ಲವೇ ಇಲ್ಲ. ಸಣ್ಣ ಡಾರ್ನಿಯರ್ ವಿಮಾನದಲ್ಲಿ ಇಪ್ಪತ್ತೈದು ನಿಮಿಷ.

ಡಾರ್ನಿಯರ್ ಅಂದರೆ ಹುಡುಗನ ಅವ್ವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ದಾಬೋಲಿಂ ನೌಕಾನೆಲೆಯದೊಂದು ನಮ್ಮ ತಲೆ ಮೇಲೇ ಗುರ್ರೆನ್ನುತ್ತ ಹೋಯಿತು. ಹೊರಗೆ ಕರೆದು ತೋರಿಸಿದೆ. ಮೈ ಮೇಲ್ಗಡೆ ರೆಕ್ಕೆ, ಎರಡು ಪಂಖ.

"ಇದರಾಗ?" ಅಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಸಮುದ್ರದ ಕಡೆ ಸಣ್ಣದಾಗುವವರೆಗೂ ನೋಡಿದರು. ಆಮೇಲೆ ಒಳಗೆ ಬಂದು ದಾರ ಸುತ್ತಿಡುತ್ತ ಲೆಕ್ಕ ಹಾಕಿದರು. "ಎರಡೂ ಕೂಡಿ ಎರಡು ತಾಸು ಐದ್ ನಿಮಿಷ. ನಾ ಗದಗಿನಿಂದ ರೈಲಿನಾಗ ಬರೂದಕ್ಕ ಇದಕ್ಕಿಂತ ಜಾಸ್ತಿ ಆತಲ್ಲ ತಂಗಿ!"