ಬೆವರು ಬರದಿದ್ದರೆ ಕ್ರೀಡೆ ಅಲ್ವಾ?

ಚೆಸ್ ಒಂದು ಕ್ರೀಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿ.ಇ. ಮಾಸ್ತರ. ಕಬಡ್ಡಿ ಆಡಿ ಬೆಳೆದವನು, ಇವತ್ತಿಗೂ ದಿನದ ಜಾಸ್ತಿ ಹೊತ್ತು ಸೀಟಿ ಹಿಡಿದು ಬಿಸಿಲಲ್ಲೇ ಇರುತ್ತೇನೆ. ಆದರೂ ಪ್ರತಿ ಮಳೆಗಾಲ ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂತು ಅಂದರೆ ಚೆಸ್ ಪರವಾಗಿ ವಾದ ಮಾಡುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಕಬಡ್ಡಿ, ಖೋಖೋ, ವಾಲಿಬಾಲ್ ಯಾವ ಅಂಗಳದಲ್ಲಿ, ನಿರ್ಣಾಯಕರು ಯಾರು, ಗೆರೆ ಹಾಕಲು ಸುಣ್ಣ ಎಷ್ಟು ಚೀಲ ಬೇಕು ಅಂತ ತಾಸುಗಟ್ಟಲೆ ಮಾತಾಗುತ್ತದೆ. ಚೆಸ್ ಹೆಸರು ಬಂದ ಕೂಡಲೇ ಯಾರಾದರೊಬ್ಬರು "ಅದೇನ್ರಿ, ಎಲ್ಲ್ಯರ ಒಂದ್ ಮೂಲ್ಯಾಗ ಕುಂಡ್ರಿಸಿ ಮುಗಿಸಿಬಿಡೂಣು" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಹಾಗನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮದು ಕುಸ್ತಿಯ ಸೀಮೆ. ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ಜಾತ್ರೆ ಅಂದರೆ ಕುಸ್ತಿ ಕಣ ಇರಬೇಕು, ಹಲಗಿ ಬಡಿಯಬೇಕು. ಸಂಗ್ರಾಣಿ ಕಲ್ಲು ಎತ್ತಿದವನಿಗೆ ಊರೇ ಸೇರಿ ಸನ್ಮಾನ ಮಾಡುತ್ತದೆ. ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಷ್ಟ್ರ ಮಟ್ಟದ ತನಕ ಹೋಗಿ ಬಂದಿದ್ದಾರೆ. ಇಂಥ ಕಡೆ ಆಟ ಅಂದರೆ ಮೈ ಮಣ್ಣಾಗಬೇಕು, ಏದುಸಿರು ಬರಬೇಕು. ಕುರ್ಚಿ ಮೇಲೆ ಕೂತು ಎರಡು ಬೆರಳಲ್ಲಿ ಒಂಟೆ ಸರಿಸುವ ಹುಡುಗನನ್ನು ಪೈಲ್ವಾನರ ಸಾಲಿಗೆ ಸೇರಿಸಿ ಅಂದರೆ ಜನ ಮುಖ ಮುಖ ನೋಡಿಕೊಳ್ಳುವುದು ಸಹಜ.

ಆದರೆ ಅದೇ ಗರಡಿ ಮನೆಗೆ ಹೋಗಿ ಒಂದು ಸಂಜೆ ಕೂತು ನೋಡಿ. ವಸ್ತಾದ ಹೊಸ ಹುಡುಗನಿಗೆ ದಂಡ, ಬೈಠಕ್ ಹೊಡೆಸಿ ಅಷ್ಟಕ್ಕೇ ಕಣಕ್ಕೆ ಇಳಿಸುವುದಿಲ್ಲ. ಡಾವು ಕಲಿಸುತ್ತಾನೆ, ಆ ಡಾವನ್ನು ಮುರಿಯುವ ಡಾವು ಕಲಿಸುತ್ತಾನೆ, ಎದುರಿನವನ ತೂಕ ಯಾವ ಕಾಲಿನ ಮೇಲಿದೆ ಅಂತ ನೋಡುವುದನ್ನು ಕಲಿಸುತ್ತಾನೆ. ತಾಕತ್ತು ಸರಿಸಮ ಇದ್ದಾಗ ಗೆಲ್ಲಿಸುವುದು ಅದೇ. ಚೆಸ್‌ನಲ್ಲಿ ಮೈತಾಕತ್ತಿನ ಭಾಗ ತೆಗೆದುಬಿಡಿ, ಉಳಿದದ್ದೆಲ್ಲ ಇದೆ. ಎದುರಾಳಿ ಇದ್ದಾನೆ, ಡಾವಿದೆ, ವರ್ಷಗಟ್ಟಲೆ ತಾಲೀಮಿದೆ, ಒಂದು ಕ್ಷಣ ಮೈಮರೆತರೆ ಬೆನ್ನು ಮಣ್ಣಿಗೆ ಹತ್ತುವುದಂತೂ ಇದ್ದೇ ಇದೆ.

ಇನ್ನು ಬೆವರಿನ ಮಾತು. 2025ರ ಜನವರಿ 17ರಂದು ರಾಷ್ಟ್ರಪತಿ ಭವನದಲ್ಲಿ ನಾಲ್ಕು ಜನ ಖೇಲ್ ರತ್ನ ಪಡೆದರು. ಹಾಕಿಯ ಹರ್ಮನ್‌ಪ್ರೀತ್ ಸಿಂಗ್, ಪ್ಯಾರಾ ಹೈಜಂಪ್‌ನ ಪ್ರವೀಣ್ ಕುಮಾರ್, ಶೂಟಿಂಗ್‌ನ ಮನು ಭಾಕರ್, ಚೆಸ್‌ನ ಡಿ. ಗುಕೇಶ್. ಮನು ಭಾಕರ್ ಪಿಸ್ತೂಲ್ ಎತ್ತಿ ನಿಂತಾಗ ಮೈ ಅಲುಗಾಡದಂತೆ ಇಟ್ಟುಕೊಳ್ಳುವುದೇ ಆಟ. ಅಲ್ಲಿ ಓಟವಿಲ್ಲ, ಜಿಗಿತವಿಲ್ಲ. ಶೂಟಿಂಗ್ ಕ್ರೀಡೆ ಅಲ್ಲ ಅಂತ ಯಾರಾದರೂ ಅನ್ನುವುದನ್ನು ಕೇಳಿದ್ದೀರಾ? ಖೇಲ್ ರತ್ನ ಶುರುವಾದಾಗ, 1991-92ರ ಸಾಲಿಗೆ, ಮೊಟ್ಟಮೊದಲು ಸಿಕ್ಕಿದ್ದು ಕೂಡ ಚೆಸ್ ಆಟಗಾರನಿಗೇ, ವಿಶ್ವನಾಥನ್ ಆನಂದ್‌ಗೆ. ಅದಕ್ಕೂ ಹಿಂದೆ, ಅರ್ಜುನ ಪ್ರಶಸ್ತಿ ಶುರುವಾದ 1961ರಲ್ಲೇ ಚೆಸ್‌ನ ಮ್ಯಾನುಯೆಲ್ ಆರನ್‌ಗೆ ಅದು ಬಂದಿತ್ತು. ಅಂದರೆ ಈ ದೇಶ ಕ್ರೀಡಾಪಟುಗಳಿಗೆ ಪ್ರಶಸ್ತಿ ಕೊಡಲು ಶುರು ಮಾಡಿದ ದಿನದಿಂದ ಚೆಸ್ ಆ ಪಟ್ಟಿಯಲ್ಲಿದೆ.

ಚೆಸ್ ಪರವಾಗಿ ಮಾತಾಡುವವರು ಮಾಡುವ ಒಂದು ವಾದ ಮಾತ್ರ ನನಗೆ ಒಪ್ಪಿಗೆ ಇಲ್ಲ. ಗ್ರ್ಯಾಂಡ್‌ಮಾಸ್ಟರ್ ಒಂದು ದಿನಕ್ಕೆ 6000 ಕ್ಯಾಲರಿ ಸುಡುತ್ತಾನೆ ಅಂತ ವಾಟ್ಸಾಪ್‌ನಲ್ಲಿ ಸುತ್ತುತ್ತದಲ್ಲ, ಅದು. ಮಿದುಳು ಸುಮ್ನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ತಿನ್ನುತ್ತದೆ, ನಿಜ. ಆದರೆ ಗಟ್ಟಿಯಾಗಿ ಯೋಚನೆ ಮಾಡಿದರೆ ಅದು ಹೆಚ್ಚುವುದು ಸ್ವಲ್ಪವೇ. ಒತ್ತಡಕ್ಕೆ ಎದೆಬಡಿತ ಏರುತ್ತದೆ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಅದೆಲ್ಲ ಸರಿ. ಅಷ್ಟಕ್ಕೆ 6000 ಆಗುವುದಿಲ್ಲ. ಚೆಸ್‌ಗೆ ಈ ಲೆಕ್ಕದ ಊರುಗೋಲು ಬೇಕಾಗಿಯೂ ಇಲ್ಲ. ಕ್ಯಾಲರಿ ಸುಡುವುದೇ ಕ್ರೀಡೆ ಆಗಿದ್ದರೆ ನಮ್ಮ ಕಬ್ಬು ಕಡಿಯುವ ಗ್ಯಾಂಗಿನ ಜನಕ್ಕೆಲ್ಲ ಅರ್ಜುನ ಪ್ರಶಸ್ತಿ ಬರಬೇಕಿತ್ತು.

ನಾನು ನೋಡುವುದು ಬೇರೆ. ದಣಿವು ಆಟದ ಫಲಿತಾಂಶ ಬದಲಿಸುತ್ತದಾ? ಬದಲಿಸುತ್ತದೆ ಅಂದರೆ ದೇಹ ಅಲ್ಲಿ ಆಡುತ್ತಿದೆ ಅಂತಲೇ ಅರ್ಥ.

1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್, ಕಾಸ್ಪರೋವ್ ವಿಶ್ವ ಚಾಂಪಿಯನ್ ಪಟ್ಟಕ್ಕೆ ಕೂತರು. ಮೊದಲು ಆರು ಆಟ ಗೆದ್ದವರದ್ದು ಪಟ್ಟ, ಡ್ರಾ ಲೆಕ್ಕಕ್ಕಿಲ್ಲ. ಕಾರ್ಪೋವ್ ಐದು ಗೆದ್ದ, ಆರನೆಯದು ಬರಲೇ ಇಲ್ಲ. ಐದು ತಿಂಗಳು, 48 ಆಟ. ಕೊನೆಗೆ 1985ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಚೆಸ್ ಒಕ್ಕೂಟದ (ಫಿಡೆ) ಅಧ್ಯಕ್ಷರೇ ಬಂದು ಪಂದ್ಯ ನಿಲ್ಲಿಸಿದರು. ಅಷ್ಟರಲ್ಲಿ ಕಾರ್ಪೋವ್ ಸುಮಾರು 10 ಕಿಲೋ ಇಳಿದುಹೋಗಿದ್ದ ಅಂತ ಹೇಳುತ್ತಾರೆ, ಮತ್ತು ಕಡೆಯ ಎರಡು ಆಟ ಅವನೇ ಸೋತಿದ್ದ. 2021ರಲ್ಲಿ ದುಬೈನಲ್ಲಿ ಇದೇ ಪಟ್ಟಕ್ಕೆ ಕಾರ್ಲ್‌ಸನ್, ನೆಪೋಮ್ನಿಯಾಷಿ ನಡುವೆ ನಡೆದ ಪಂದ್ಯದ ಆರನೇ ಆಟ 136 ನಡೆ, ಏಳೂಮುಕ್ಕಾಲು ತಾಸು ಹಿಡಿಯಿತು. ಕಾರ್ಲ್‌ಸನ್ ಗೆದ್ದ. ಅಲ್ಲಿಯವರೆಗೆ ಐದು ಆಟ ಸಮಬಲವಾಗಿ ನಿಂತಿದ್ದ ನೆಪೋಮ್ನಿಯಾಷಿ ಆಮೇಲೆ 8, 9, 11ನೇ ಆಟಗಳನ್ನು ಸೋತ, ಅದರಲ್ಲಿ ಕೆಲವು ತಪ್ಪು ಅವನ ಮಟ್ಟದವನು ಮಾಡುವಂಥವೇ ಅಲ್ಲ.

ಗುಕೇಶ್ ವಿಶ್ವ ಚಾಂಪಿಯನ್ ಪಟ್ಟ ಗೆದ್ದ ಆ ಕೊನೆಯ ಆಟ ಇದೆಯಲ್ಲ, 2024ರ ಡಿಸೆಂಬರ್ 12, ಸಿಂಗಪುರ, ಅದನ್ನು ನಾನು ನಮ್ಮ ಮಕ್ಕಳಿಗೆ ಬೋರ್ಡ್ ಮೇಲೆ ಇಟ್ಟು ತೋರಿಸುತ್ತೇನೆ. 13 ಆಟ ಮುಗಿದು ಆರೂವರೆ-ಆರೂವರೆ. 14ನೇ ಆಟದಲ್ಲಿ ಗುಕೇಶ್ ಕೈಯಲ್ಲಿ ಒಂದು ಪ್ಯಾದೆ ಜಾಸ್ತಿ ಇತ್ತು, ಆದರೆ ಅದು ಗೆಲ್ಲುವ ಸ್ಥಿತಿ ಆಗಿರಲಿಲ್ಲ. ನೋಡುತ್ತಿದ್ದವರೆಲ್ಲ ಡ್ರಾ ಅಂತಲೇ ಅಂದುಕೊಂಡಿದ್ದರು. ಹುಡುಗ ಏಳಲಿಲ್ಲ. ಒಂದೊಂದೇ ನಡೆ, ಒಂದೊಂದೇ ಸಣ್ಣ ಪ್ರಶ್ನೆ ಎದುರಿಗಿಡುತ್ತ ಕೂತ. ನಾಲ್ಕು ತಾಸಿನ ಹೊತ್ತಿಗೆ, 55ನೇ ನಡೆಯಲ್ಲಿ, ಎದುರಾಳಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಯಲ್ಲಿಟ್ಟ. ಅವನ ಒಂಟೆ ಆಗಲೇ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಯಿತು, ಉಳಿದದ್ದು ರಾಜ ಮತ್ತು ಪ್ಯಾದೆಗಳು, ಅಲ್ಲಿ ಆ ಒಂದು ಜಾಸ್ತಿ ಪ್ಯಾದೆಯೇ ಸಾಕು. ಡಿಂಗ್‌ಗೆ ಆ ಲೆಕ್ಕ ಬರುವುದಿಲ್ಲವಾ? ಆಗಿನ ವಿಶ್ವ ಚಾಂಪಿಯನ್ ಅವನು. ನಮ್ಮ ತಾಲ್ಲೂಕು ಮಟ್ಟದ ಹುಡುಗನಿಗೂ ಕಾಣುವ ಲೆಕ್ಕ ಅದು. ಮೂರು ವಾರ ಆಡಿ ಆಡಿ ಬಳಲಿದ ತಲೆಗೆ, ಸಮಯ ಕರಗುತ್ತಿದ್ದಾಗ, ಅದು ಕಾಣಲಿಲ್ಲ. ಕಬಡ್ಡಿಯಲ್ಲಿ ಕೊನೆಯ ಎರಡು ನಿಮಿಷಕ್ಕೆ ಒಳ್ಳೊಳ್ಳೆ ಡಿಫೆಂಡರ್ ಕೂಡ ಸುಮ್ನೆ ಮುನ್ನುಗ್ಗಿ ಔಟಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಇದೂ ಅದೇ ದಣಿವು. 18ರ ಹುಡುಗ ಇದಕ್ಕೆ ತಯಾರಿ ಮಾಡಿಕೊಂಡೇ ಹೋಗಿದ್ದ. 2011ರ ಕ್ರಿಕೆಟ್ ವಿಶ್ವಕಪ್ ಗೆದ್ದ ತಂಡದ ಜೊತೆಗಿದ್ದ ಮನೋಬಲದ ಕೋಚ್ ಪ್ಯಾಡಿ ಅಪ್ಟನ್ ಅವನ ಜೊತೆ ಕೆಲಸ ಮಾಡಿದ್ದರು.

ಹಾಗಂತ ಚೆಸ್ ಬೋರ್ಡ್ ಮುಂದೆ ಕೂತವರೆಲ್ಲ ಕ್ರೀಡಾಪಟುಗಳು ಅಂತ ನಾನು ಹೇಳುವುದಿಲ್ಲ. ನಮ್ಮ ಊರ ಕಟ್ಟೆಯ ಮೇಲೆ ಹಿರಿಯರು ಆಡುವ ಚದುರಂಗ ನೋಡಿ. ಹಳೇ ದೇಶಿ ನಿಯಮ. ಪ್ಯಾದೆ ಮೊದಲ ಸಲವೂ ಒಂದೇ ಮನೆ ಸರಿಯುತ್ತದೆ, ಕೋಟೆ ಕಟ್ಟುವುದಿಲ್ಲ, ಅದರ ಬದಲು ಶಹ ಬೀಳುವ ಮುಂಚೆ ರಾಜನಿಗೆ ಒಂದು ಸಲ ಕುದುರೆಯ ನಡೆ ಸಿಗುತ್ತದೆ. ಸುತ್ತ ನಿಂತವರು "ವಜೀರ ತಗಿಯೋ ಕಾಕಾ, ಹೊಡಿತಾನ" ಅಂತ ಕೂಗುತ್ತಾರೆ. ಕಾಕಾ ನಡೆ ವಾಪಸ್ ತೆಗೆದುಕೊಳ್ಳುತ್ತಾನೆ. ನನಗೆ ಅದು ಬಹಳ ಇಷ್ಟ, ಆದರೆ ಅದು ಹೊತ್ತು ಕಳೆಯುವ ಆಟ. ಅದೇ ಬೋರ್ಡ್ ಪಕ್ಕ ಗಡಿಯಾರ ಇಡಿ, ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನಿ, ಪ್ರತಿ ನಡೆ ಹಾಳೆಯಲ್ಲಿ ಬರೆಯಿರಿ ಅನ್ನಿ, ಮಾತಾಡಿದವರನ್ನು ಹೊರಗೆ ಕಳಿಸುವ ಆರ್ಬಿಟರ್ ಒಬ್ಬರನ್ನು ನಿಲ್ಲಿಸಿ. ಆಗ ಎಲ್ಲ ಬದಲಾಗುತ್ತದೆ. ಆ ಕುರ್ಚಿಯಲ್ಲಿ ಕೂತ ಮಗುವಿನ ಕೈ ನಡುಗುವುದು ನಾನು ನೋಡಿದ್ದೇನೆ.

ಈ ಕಾರಣಕ್ಕೇ ಕ್ರೀಡೆ ಹೌದೋ ಅಲ್ಲವೋ ಅನ್ನುವುದು ನನಗೆ ಚಹಾ ಅಂಗಡಿಯ ಹರಟೆ ಅಲ್ಲ. ಕ್ರೀಡೆ ಅಲ್ಲ ಅಂದುಕೊಂಡವರು ಕೂಟ ನಡೆಸಿದರೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡೆ. ಒಂದು ಕೂಟದಲ್ಲಿ ಚೆಸ್ ಇಟ್ಟಿದ್ದು ಅಡುಗೆ ಕೋಣೆ ಪಕ್ಕದ ಪಡಸಾಲೆಯಲ್ಲಿ. ಗಡಿಯಾರ ಇಲ್ಲ. ಒಗ್ಗರಣೆಯ ಹೊಗೆ, ತಟ್ಟೆಗಳ ಸದ್ದು, ಅದರ ಮೇಲೆ ಖೋಖೋ ಸೋತು ಬಂದವರ ಗದ್ದಲ. ಊಟದ ಹೊತ್ತಾಯಿತು ಅಂತ ಆಟ ನಿಲ್ಲಿಸಿ, ಬೋರ್ಡ್ ಮೇಲೆ ಯಾರ ಕಾಯಿ ಜಾಸ್ತಿ ಅಂತ ಎಣಿಸಿ ಗೆದ್ದವರ ಹೆಸರು ಬರೆದುಬಿಟ್ಟರು! ನಮ್ಮ ಹುಡುಗಿ ಬೇಕಂತಲೇ ಒಂದು ಆನೆ ಕೊಟ್ಟು ಎದುರಿನ ರಾಜನನ್ನು ಬಯಲಿಗೆ ಎಳೆದಿದ್ದಳು. ಇನ್ನೆರಡು ನಡೆಯಲ್ಲಿ ಮೇಟ್. ಕಾಯಿ ಎಣಿಸಿದರೆ ಅವಳದ್ದು ಕಡಿಮೆ. ಸೋತಳು ಅಂದರು. ನಾನು ಎಷ್ಟು ಹೇಳಿದರೂ ಫಲಿತಾಂಶ ಬದಲಾಗಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಕೇಳಿದಳು, "ಸರ, ಕಬಡ್ಡಿಯೊಳಗ ಅಂಗಳದಾಗ ಎಷ್ಟ್ ಮಂದಿ ಉಳದಾರ ಅಂತ ಎಣಿಸಿ ಗೆಲ್ಲಸ್ತಾರೇನ್ರಿ?" ಏನಂತ ಹೇಳಲಿ ಅವಳಿಗೆ?

ಕಾಗದದ ಮೇಲೆ ಈ ವಾದ ಮುಗಿದು ಎಷ್ಟೋ ವರ್ಷ ಆಯಿತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1999ರಲ್ಲೇ ಫಿಡೆಗೆ ಮಾನ್ಯತೆ ಕೊಟ್ಟಿದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಕೋನೇರು ಹಂಪಿ ಚಿನ್ನ ಗೆದ್ದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ 107 ಪದಕ ಬಂತು ಅಂತ ಎಲ್ಲರೂ ಖುಷಿಪಟ್ಟೆವು, ಅದರಲ್ಲಿ ಎರಡು ಬೆಳ್ಳಿ ಚೆಸ್ ತಂಡಗಳದ್ದು. ಕೇಂದ್ರ ಸರಕಾರದ ನೌಕರಿಯ ಸ್ಪೋರ್ಟ್ಸ್ ಕೋಟಾ ಪಟ್ಟಿಯಲ್ಲಿ ಚೆಸ್ ಇದೆ, ರೈಲ್ವೆಯಲ್ಲೂ ಇದೆ. "ಒಲಿಂಪಿಕ್ಸ್‌ನ್ಯಾಗ ಇಲ್ಲಲ್ರಿ ಸರ" ಅಂತ ಪಾಲಕರು ಕೇಳುತ್ತಾರೆ. ಇಲ್ಲ, ನಿಜ. ಕಬಡ್ಡಿಯೂ ಇಲ್ಲ, ಖೋಖೋವೂ ಇಲ್ಲ. 1900ರ ನಂತರ ಕ್ರಿಕೆಟ್ ಮತ್ತೆ ಅಲ್ಲಿಗೆ ಬರುತ್ತಿರುವುದು 2028ಕ್ಕೆ. ಇಷ್ಟು ವರ್ಷ ಕ್ರಿಕೆಟ್ ಕ್ರೀಡೆ ಅಲ್ಲ ಅಂತ ಯಾರೂ ಅನ್ನಲಿಲ್ಲ ಅಲ್ವಾ?

ಚೆಸ್‌ಗೆ ನಾನು ಇಷ್ಟು ಗಟ್ಟಿಯಾಗಿ ನಿಲ್ಲಲು ಇನ್ನೊಂದು ಕಾರಣ ಇದೆ. ಬೇರೆ ಆಟಗಳ ಬಾಗಿಲು ಮುಚ್ಚಿದ ಮಕ್ಕಳು ಇಲ್ಲಿಗೆ ಬರುತ್ತಾರೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿ ದೃಷ್ಟಿದೋಷ ಇರುವವರ ರಾಷ್ಟ್ರೀಯ ಚೆಸ್‌ನಲ್ಲಿ ಹಲವು ಸಲ ಚಾಂಪಿಯನ್. ಅವರಿಗಾಗಿ ಕಪ್ಪು ಮನೆಗಳು ಎತ್ತರಕ್ಕಿರುವ, ಕಾಯಿ ಸಿಗಿಸಲು ತೂತು ಇರುವ ಬೋರ್ಡ್ ಬರುತ್ತದೆ, ಬೆರಳಲ್ಲೇ ಮುಟ್ಟಿ ನೋಡಿ ಆಡುತ್ತಾರೆ. ಕಾಲಿಗೆ ತೊಂದರೆ ಇರುವ ಹುಡುಗನನ್ನು ಆಟದ ಪೀರಿಯಡ್‌ನಲ್ಲಿ ಗಿಡದ ನೆರಳಿಗೆ ಕೂಡಿಸಿ ಉಳಿದವರ ಚೀಲ ಕಾಯಲು ಹೇಳುವುದು ಎಷ್ಟು ಶಾಲೆಗಳಲ್ಲಿ ನಡೆಯುತ್ತದೆ ನಿಮಗೇ ಗೊತ್ತು. ಆ ಹುಡುಗ ಶಾಲೆಯ ಜರ್ಸಿ ಹಾಕಿಕೊಂಡು ತಾಲ್ಲೂಕು ಮಟ್ಟಕ್ಕೆ ಹೋಗಲಿ ಅಂತ ನನ್ನ ಆಸೆ.

ನಮಗೆ ಬೆಂಗಳೂರಿಗಿಂತ ಮಹಾರಾಷ್ಟ್ರದ ಸಾಂಗ್ಲಿ ಹತ್ತಿರ. ಆ ಊರಿನ ನೂತನ ಬುದ್ಧಿಬಳ ಮಂಡಳ ಅನ್ನುವ ಚೆಸ್ ಸಂಸ್ಥೆ ದಶಕಗಳಿಂದ ಪಂದ್ಯಾವಳಿ ನಡೆಸುತ್ತ ಬಂದಿದೆ. ಭಾಗ್ಯಶ್ರೀ ಠಿಪ್ಸೆ, ಸ್ವಾತಿ ಘಾಟೆ ಇಬ್ಬರೂ ಸಾಂಗ್ಲಿಯವರೇ, ಇಬ್ಬರೂ ರಾಷ್ಟ್ರೀಯ ಚಾಂಪಿಯನ್ ಆದವರು. ಅದು ಮುಂಬೈ ಅಲ್ಲ, ಚೆನ್ನೈ ಅಲ್ಲ. ಅರಿಶಿನ ಮಾರುವ, ಕಬ್ಬು ಬೆಳೆಯುವ, ಕುಸ್ತಿ ನೋಡುವ ನಮ್ಮಂಥದ್ದೇ ಊರು. ಅಲ್ಲಿ ಕೆಲವರು ಇದನ್ನು ಗಂಭೀರವಾಗಿ ತೆಗೆದುಕೊಂಡರು, ಅಷ್ಟೇ ವ್ಯತ್ಯಾಸ.

ಗಂಭೀರವಾಗಿ ತೆಗೆದುಕೊಳ್ಳಲು ಜಾಸ್ತಿ ಖರ್ಚೂ ಇಲ್ಲ. ಬಾಗಿಲು ಮುಚ್ಚುವ ಒಂದು ಕೋಣೆ, ಒಳ್ಳೆ ಬೆಳಕು. ಗಡಿಯಾರ ಇಲ್ಲದಿದ್ದರೆ ಮೊಬೈಲ್‌ನಲ್ಲೇ ಚೆಸ್ ಗಡಿಯಾರದ ಆ್ಯಪ್ ಹಾಕಿ ಫ್ಲೈಟ್ ಮೋಡ್‌ನಲ್ಲಿ ಇಡಬಹುದು. 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಸೇರಿಕೆ ಅಂತ ಇಟ್ಟರೆ ಆಟ ತಾನಾಗಿ ಮುಗಿಯುತ್ತದೆ, ಕಾಯಿ ಎಣಿಸುವ ಪ್ರಮೇಯವೇ ಬರುವುದಿಲ್ಲ. ನಾಕೌಟ್ ಬೇಡ, ಸೋತವರೂ ಹೊರಗೆ ಬೀಳದೆ ಎಲ್ಲ ಸುತ್ತು ಆಡುವ ಸ್ವಿಸ್ ಪದ್ಧತಿಯಲ್ಲಿ ಐದು ಸುತ್ತು ಇಡಿ. ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದ ಮಗು ಒಂದೇ ಆಟ ಸೋತು ವಾಪಸ್ ಹೋಗಬಾರದು. ಪಾಲಕರಿಗೂ ಒಂದು ಮಾತು. ಪಂದ್ಯದ ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ಒಂದೊಂದು ನಿಮಿಷದ ಆಟ ಆಡಿಸಬೇಡಿ, ಬೇಗ ಮಲಗಿಸಿ, ಬೆಳಗ್ಗೆ ಹೊಟ್ಟೆ ತುಂಬ ರೊಟ್ಟಿ ತಿನ್ನಿಸಿ ಕಳಿಸಿ. ನಮ್ಮ ಶಾಲೆಯ ಚೆಸ್ ಮಕ್ಕಳು ಕಬಡ್ಡಿ ಮಕ್ಕಳ ಜೊತೆಗೇ ಬೆಳಗ್ಗೆ ಓಡುತ್ತಾರೆ, ಅದರಲ್ಲಿ ರಿಯಾಯಿತಿ ಇಲ್ಲ.

ಜಿಲ್ಲೆಯ ಬೇರೆ ಪಿ.ಇ. ಮಾಸ್ತರರು, ಟೀಚರ್‌ಗಳು ಇದನ್ನು ಓದುತ್ತಿದ್ದರೆ, ನಿಮ್ಮ ಶಾಲೆಯಲ್ಲಿ ಡಿಜಿಟಲ್ ಗಡಿಯಾರ ಇದ್ದರೆ ತಿಳಿಸಿ, ಕೂಟದ ದಿನಕ್ಕೆ ಹಂಚಿಕೊಂಡು ಬಳಸೋಣ. ಆರ್ಬಿಟರ್ ಆಗಿ ಬಂದು ನಿಲ್ಲುವವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರ ಬಸ್ ಚಾರ್ಜು, ಊಟದ ಜವಾಬ್ದಾರಿ ನನ್ನದು.